ಬನಾವೆ: ಬೆಟ್ಟದ ಗದ್ದೆಯ ಗೋಡೆಗೆ ಖರ್ಚು ಹಾಕುವವರು ಯಾರು?

ಫಿಲಿಪ್ಪೀನ್ಸ್‌ನ 20 ಪೆಸೊ ನೋಟಿನ ಹಿಂಬದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬೆಟ್ಟ ಏರುವ ಭತ್ತದ ಗದ್ದೆಗಳ ಚಿತ್ರವಿದೆ. ಅದು ಬನಾವೆ. ಲುಜಾನ್ ದ್ವೀಪದ ಉತ್ತರಕ್ಕಿರುವ ಕಾರ್ಡಿಲೆರಾ ಬೆಟ್ಟಸಾಲಿನ ಇಫುಗಾವೊ ಪ್ರಾಂತಕ್ಕೆ ಸೇರಿದ ಒಂದು ಮುನಿಸಿಪಾಲಿಟಿ. ರಾಜಧಾನಿ ಮನಿಲಾದಿಂದ ರಸ್ತೆಯಲ್ಲಿ ಸುಮಾರು 350 ಕಿ.ಮೀ.; ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಇಳಿಯಬಹುದು. ನೋಟಿನಲ್ಲಿ ಅಚ್ಚಾಗಿರುವ, ಪೇಟೆಯ ಮೇಲಿನ ವ್ಯೂಪಾಯಿಂಟ್‌ನಲ್ಲಿ ನಿಂತು ಎಲ್ಲರೂ ಫೋಟೊ ತೆಗೆಯುವ ಆ ಸಾಲು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಯಲ್ಲಿ ಇಲ್ಲ. 1995ರಲ್ಲಿ ಪಟ್ಟಿಗೆ ಸೇರಿದ ಐದು ಗದ್ದೆಗುಚ್ಛಗಳ ಪೈಕಿ ಎರಡು, ಅಂದರೆ ಬತಾದ್ ಮತ್ತು ಬಂಗಾನ್, ಇದೇ ಬನಾವೆಯ ಒಳಹಳ್ಳಿಗಳು. ಉಳಿದವು ನೆರೆಯ ಮಾಯೋಯಾವ್, ಹುಂಗ್ದುವಾನ್ ಮತ್ತು ಕಿಯಾಂಗಾನ್‌ನಲ್ಲಿವೆ. ಪೇಟೆಗೆ ಅಂಟಿಕೊಂಡ ಗದ್ದೆಗಳಿಗೆ 1973ರ ಅಧ್ಯಕ್ಷೀಯ ಆದೇಶದ ರಾಷ್ಟ್ರೀಯ ಮಾನ್ಯತೆಯಷ್ಟೇ ಇದೆ.

ಈ ಅಧ್ಯಯನದ ಪ್ರಶ್ನೆ ಸರಳ. ಈ ಊರಿನ ಹೆಸರು, ಹೋಟೆಲು, ಗೈಡುಗಳ ಕೂಲಿ, ಎಲ್ಲವೂ ನಿಂತಿರುವುದು ಗದ್ದೆಯ ಗೋಡೆಗಳ ಮೇಲೆ. ಗೋಡೆ ಕುಸಿದಾಗ ಅದನ್ನು ಕಟ್ಟುವ ಖರ್ಚು ಯಾರ ಮೇಲೆ ಬೀಳುತ್ತದೆ, ಆ ದುಡ್ಡು ಎಲ್ಲಿಂದ ಬರಬೇಕು, ಏಕೆ ಬರುತ್ತಿಲ್ಲ?

ಮೊದಲು ಊರಿನ ಅಳತೆ. ವಿಸ್ತೀರ್ಣ ಸುಮಾರು 190 ಚದರ ಕಿ.ಮೀ. 2010ರ ಜನಗಣತಿಯಲ್ಲಿ 22 ಸಾವಿರ ದಾಟಿದ್ದ ಜನಸಂಖ್ಯೆ 2020ಕ್ಕೆ 20 ಸಾವಿರದ ಆಸುಪಾಸಿಗೆ ಇಳಿದಿದೆ. ಮುನಿಸಿಪಾಲಿಟಿ ಎಂದರೆ ನಮ್ಮ ಪುರಸಭೆಯಂಥ ಪಟ್ಟಣವಲ್ಲ. ಒಂದು ಸಣ್ಣ ತಾಲ್ಲೂಕಿನಂತೆ ಪೇಟೆ, ಹಳ್ಳಿ, ಕಾಡು, ಗದ್ದೆ ಎಲ್ಲ ಸೇರಿದ ಆಡಳಿತ ಘಟಕ. ಮೇಯರ್, ಉಪಮೇಯರ್, ನೇರವಾಗಿ ಚುನಾಯಿತರಾದ ಎಂಟು ಸದಸ್ಯರ ಸಭೆ. ಅದರ ಕೆಳಗೆ 18 ಬರಾಂಗಾಯ್‌ಗಳು. ನಮ್ಮ ಗ್ರಾಮ ಪಂಚಾಯಿತಿಗಿಂತ ಚಿಕ್ಕವು, ಆದರೆ ಸ್ವಂತ ಬಜೆಟ್ ಉಳ್ಳವು. ಪೊಬ್ಲಾಸಿಯೊನ್ ಎಂದರೆ ಪೇಟೆ. ಬತಾದ್, ಬಂಗಾನ್, ಕಂಬುಲೊ, ಪುಲಾ, ದುಕ್ಲಿಗಾನ್ ಮುಂತಾದವು ಗದ್ದೆಯ ಹಳ್ಳಿಗಳು. ದಕ್ಷಿಣದ ನುಯೆವಾ ವಿಜ್ಕಾಯಾ ಪ್ರಾಂತದ ಬಗಬಾಗ್‌ನಲ್ಲಿ ಹೆದ್ದಾರಿ ಬಿಟ್ಟು ಹೊರಡುವ ರಸ್ತೆ ಇಫುಗಾವೊ ಪ್ರಾಂತದ ಕೇಂದ್ರ ಲಗಾವೆಯ ಮೂಲಕ ಬನಾವೆ ಮುಟ್ಟಿ, ಮುಂದೆ ಬೊಂತೊಕ್ ಕಡೆಗೆ ಹತ್ತುತ್ತದೆ. ಮಳೆಗಾಲದಲ್ಲಿ ಗುಡ್ಡ ಜರಿದು ಈ ರಸ್ತೆ ಮುಚ್ಚಿದರೆ ತರಕಾರಿ, ಸಿಮೆಂಟು, ಅಡುಗೆ ಅನಿಲ, ಪ್ರವಾಸಿಗಳು, ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ.

ಗದ್ದೆಗಳಿಗೆ 2000 ವರ್ಷ ವಯಸ್ಸು ಎಂದು ಬೋರ್ಡುಗಳು ಹೇಳುತ್ತವೆ. ಕಿಯಾಂಗಾನ್‌ನ ಹಳೆಯ ಹಳ್ಳಿಯ ನೆಲೆಯಲ್ಲಿ ಉತ್ಖನನ ಮಾಡಿದ ಪುರಾತತ್ತ್ವಜ್ಞ ಸ್ಟೀಫನ್ ಅಕಬಾಡೊ ಅವರ ತಂಡ ಬೇರೆಯದೇ ವಾದ ಮುಂದಿಟ್ಟಿದೆ: ನೀರು ನಿಲ್ಲಿಸಿ ಭತ್ತ ಬೆಳೆಯುವ ಪದ್ಧತಿ ಇಲ್ಲಿ ಹಬ್ಬಿದ್ದು ಸ್ಪೇನಿನವರು ಲುಜಾನ್‌ಗೆ ಬಂದ ಮೇಲೆ, ಅವರ ಹಿಡಿತ ತಪ್ಪಿಸಿಕೊಂಡು ಜನ ಮೇಲೆ ಹತ್ತಿದಾಗ. ಅದಕ್ಕೂ ಮುಂಚೆ ಕೆಸುವಿನಂಥ ಗೆಡ್ಡೆ ಬೆಳೆಯುತ್ತಿದ್ದರಂತೆ. ಇದು ನಿಜವಾದರೆ ಇಷ್ಟೊಂದು ಗೋಡೆಗಳನ್ನು ಕೆಲವೇ ತಲೆಮಾರುಗಳಲ್ಲಿ ಕಟ್ಟಿದರು ಎಂದಾಗುತ್ತದೆ. ನನಗೆ ಅದೇ ಹೆಚ್ಚು ದೊಡ್ಡ ಸಾಧನೆಯಾಗಿ ಕಾಣುತ್ತದೆ.

ಗೋಡೆಯ ಒಳಗೆ ಏನಿದೆ

ಬತಾದ್‌ನಲ್ಲಿ ಕಲ್ಲಿನ ಗೋಡೆ. ಕಿಯಾಂಗಾನ್ ಕಡೆ ಮಣ್ಣಿನ ಬದು. ಹೊರಗಿನಿಂದ ಕಾಣುವ ಕಲ್ಲು ಮುಖ ಮಾತ್ರ. ಅಡಿಯಲ್ಲಿ ದಪ್ಪ ಬುನಾದಿ ಕಲ್ಲುಗಳು, ಅವುಗಳ ಮೇಲೆ ಒಳಕ್ಕೆ ಸ್ವಲ್ಪ ವಾಲಿಸಿ ಗಾರೆಯಿಲ್ಲದೆ ಜೋಡಿಸಿದ ಗೋಡೆ. ಗೋಡೆಯ ಹಿಂದೆ ದಪ್ಪ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ, ಆಮೇಲೆ ಬಡಿದು ಗಟ್ಟಿ ಮಾಡಿದ ಮಣ್ಣು, ಎಲ್ಲಕ್ಕಿಂತ ಮೇಲೆ ಕೆಸರುಗದ್ದೆಯ ಮಣ್ಣು. ಗಟ್ಟಿ ಮಣ್ಣಿನ ಪದರ ನೀರನ್ನು ಹಿಡಿಯುತ್ತದೆ. ಅದನ್ನೂ ದಾಟಿ ಇಳಿದ ನೀರನ್ನು ಜಲ್ಲಿ ಸುಮ್ಮನೆ ಹೊರಕ್ಕೆ ಬಿಡುತ್ತದೆ. ಈ ಎರಡು ಕೆಲಸಗಳಲ್ಲಿ ಯಾವುದು ಕೆಟ್ಟರೂ ಗೋಡೆ ಬೀಳುತ್ತದೆ. ಇದು ತಿಳಿಯದವರು ಕುಸಿದ ಕಡೆ ಸಿಮೆಂಟು ಹಚ್ಚುತ್ತಾರೆ. ಸಿಮೆಂಟು ಮುಖ ಭದ್ರವಾಗಿ ಕಾಣುತ್ತದೆ, ಆದರೆ ನೀರಿಗೆ ದಾರಿಯಿಲ್ಲ. ಒಂದೆರಡು ಮಳೆಗಾಲದಲ್ಲಿ ಗೋಡೆಯ ಹಿಂದೆ ನೀರಿನ ಒತ್ತಡ ಏರುತ್ತಾ ಹೋಗಿ, ಕೊನೆಗೆ ಗೋಡೆ ಅಲ್ಲೊಂದು ಇಲ್ಲೊಂದು ಕಲ್ಲಾಗಿ ಉದುರದೆ ಇಡಿಯಾಗಿ ಹೊರಬೀಳುತ್ತದೆ.

ಮರುಕಟ್ಟುವ ಕ್ರಮ ಹೀಗೆ: ಮೊದಲು ಮೇಲಿನ ಕಾಲುವೆಯ ನೀರನ್ನು ಬೇರೆ ಕಡೆ ತಿರುಗಿಸಬೇಕು. ಜರಿದ ಮಣ್ಣನ್ನೂ ಕಲ್ಲನ್ನೂ ಬೇರೆ ಬೇರೆ ಗುಡ್ಡೆ ಹಾಕಬೇಕು, ಏಕೆಂದರೆ ಹಳೆಯ ಕಲ್ಲೇ ಮತ್ತೆ ಬೇಕು. ಹೊಸದನ್ನು ಹೊಳೆಯಿಂದ ಬೆನ್ನ ಮೇಲೆ ಹೊರಬೇಕಾಗುತ್ತದೆ. ಸೋರಿಕೆ ಶುರುವಾದ ಜಾಗ ಸಿಗುವವರೆಗೆ ಒಳಕ್ಕೆ ಅಗೆಯಬೇಕು. ಇದನ್ನು ಬಿಟ್ಟು ಮುಖ ಕಟ್ಟಿದರೆ ಮರುವರ್ಷ ಅಲ್ಲೇ ಕುಸಿತ. ಬುನಾದಿ ಕೂರಿಸಿ, ಕಲ್ಲಿನ ಒಂದೊಂದು ವರಸೆ ಏರಿದಂತೆ ಹಿಂದಿನ ಜಲ್ಲಿಯನ್ನೂ ಏರಿಸುತ್ತಾ ಬರಬೇಕು. ತುಂಬುವ ಮಣ್ಣನ್ನು ಹೊರುವ ಬದಲು ಮೇಲಿನಿಂದ ನೀರು ಹಾಯಿಸಿ, ನೀರೇ ಮಣ್ಣನ್ನು ತಂದು ಹಾಕುವಂತೆ ಮಾಡುವುದು ಇಫುಗಾವೊ ಜನರ ಹಳೆಯ ಉಪಾಯ. ಕೊನೆಗೆ ಕೆಸರು ತುಳಿದು ನೀರು ನಿಲ್ಲಿಸುವುದು. ಇಷ್ಟೂ ಕೆಲಸಕ್ಕೆ ಯಂತ್ರ ಹೋಗುವುದಿಲ್ಲ. ಮುಯ್ಯಾಳಿನ ಪದ್ಧತಿಯಲ್ಲಿ, ಅಲ್ಲಿನವರ ಮಾತಿನಲ್ಲಿ ಉಬ್ಬು, ಇಂದು ನನ್ನ ಗದ್ದೆಗೆ ನೀವು, ನಾಳೆ ನಿಮ್ಮ ಗದ್ದೆಗೆ ನಾನು ಎಂದು ನಡೆಯುತ್ತಿತ್ತು. ಗಟ್ಟಿ ಆಳುಗಳು ಬಾಗಿಯೊ, ಮನಿಲಾದಂಥ ನಗರ ಸೇರಿದ ಮೇಲೆ ಮುಯ್ಯಿ ತೀರಿಸಲು ಆಳಿಲ್ಲ. ಕೂಲಿ ಕೊಟ್ಟೇ ಮಾಡಿಸಬೇಕು.

ವರ್ಷಕ್ಕೊಂದೇ ಬೆಳೆ

ಇಲ್ಲಿನ ಸ್ಥಳೀಯ ಭತ್ತ ತಿನಾವೊನ್ ವರ್ಷಕ್ಕೆ ಒಂದೇ ಸಲ ಬರುವ ಬೆಳೆ. ನವೆಂಬರ್–ಡಿಸೆಂಬರ್‌ನಲ್ಲಿ ಸಸಿಮಡಿ: ಕಾಳು ಎರಚದೆ ಆರಿಸಿಟ್ಟ ತೆನೆಗಳನ್ನೇ ಕೆಸರಿನ ಮೇಲೆ ಸಾಲಾಗಿ ಮಲಗಿಸುತ್ತಾರೆ. ಚಳಿಯಲ್ಲಿ ಸಸಿ ನಿಧಾನವಾಗಿ ಏಳುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ನಾಟಿ, ಜೂನ್–ಜುಲೈನಲ್ಲಿ ಕೊಯ್ಲು. ಕೈಯೊಳಗೆ ಹಿಡಿಯುವ ಸಣ್ಣ ಚೂರಿಯಿಂದ ತೆನೆ ತೆನೆಯಾಗಿ ಕೊಯ್ದು, ಸೂಡು ಕಟ್ಟಿ, ಕಂಬಗಳ ಮೇಲೆ ನಿಂತ ಕಣಜಕ್ಕೆ ಏರಿಸುತ್ತಾರೆ. ಇಲಿ ಹತ್ತದಂತೆ ಕಂಬಗಳಿಗೆ ಮರದ ಬಿಲ್ಲೆ ತೊಡಿಸಿರುತ್ತಾರೆ. ಮುಂದಿನ ವರ್ಷದ ಬೀಜದ ತೆನೆಗಳನ್ನು ಕೊಯ್ಲಿಗೆ ಮುಂಚೆಯೇ ಆರಿಸುವುದು ಹೆಂಗಸರ ಕೆಲಸ. ಗದ್ದೆಗಳು ಅದೆಷ್ಟು ಕಿರಿದೆಂದರೆ ಹಲವು ಕಡೆ ಕೋಣ ಇಳಿಸಲಾಗದು; ಮರದ ಸಲಿಕೆಯಿಂದ ಮಣ್ಣು ಮಗುಚುತ್ತಾರೆ.

ಪಂಚಾಂಗದಲ್ಲಿ ಗಮನಿಸಬೇಕಾದದ್ದು ಎರಡು. ದೊಡ್ಡ ಚಂಡಮಾರುತಗಳ ಕಾಲ ಮುಖ್ಯವಾಗಿ ಜುಲೈಯಿಂದ ಅಕ್ಟೋಬರ್. ಆ ಹೊತ್ತಿಗೆ ಬೆಳೆ ಕಣಜದಲ್ಲಿರುತ್ತದೆ. ಮತ್ತೊಂದು, ಕೊಯ್ಲಾದ ಮೇಲೂ ಗದ್ದೆಯ ನೀರು ಬಸಿಯುವುದಿಲ್ಲ. ಕಳೆ ಕಿತ್ತು ನೀರಿನ ನಡುವೆ ಗುಪ್ಪೆ ಮಾಡಿ, ಅದರ ಮೇಲೆ ತರಕಾರಿ ಹಾಕುತ್ತಾರೆ. ಸುತ್ತ ನೀರು ನಿಂತೇ ಇರುತ್ತದೆ. ವರ್ಷಪೂರ್ತಿ ನೀರು ನಿಂತ ಮಣ್ಣು ಬಿರಿಯುವುದಿಲ್ಲ, ಬಿಲ ಕೊರೆಯುವ ಜೀವಿಗಳಿಗೆ ಅಲ್ಲಿ ಉಸಿರಾಡಲಾಗುವುದಿಲ್ಲ.

ನಮ್ಮ ರೈತರಿಗೆ ಐಆರ್-8, ಐಆರ್-64 ತಳಿಗಳು ಗೊತ್ತು. ಅವು ಹುಟ್ಟಿದ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇರುವುದೂ ಇದೇ ಲುಜಾನ್‌ನ ಲೋಸ್ ಬಾನ್ಯೋಸ್‌ನಲ್ಲಿ. ಬಯಲಿನಲ್ಲಿ ಗೆದ್ದ ಗಿಡ್ಡ ತಳಿಗಳು ಸಾವಿರ ಮೀಟರ್ ಮೇಲಿನ ಚಳಿಗೆ ಒಗ್ಗಲಿಲ್ಲ. ಸ್ವಲ್ಪ ತಗ್ಗಿನ ಹಳ್ಳಿಗಳಲ್ಲಿ ಎರಡನೇ ಬೆಳೆಗೆ ಹೊರಗಿನ ತಳಿಗಳು ಬಂದವು, ಬಂದ ಕಡೆ ಪಂಚಾಂಗ ಒಡೆಯಿತು. ಮುಂಚೆ ತುಮೋನಾ ಎಂಬ ಹಿರಿಯರ ಮನೆಯ ಗದ್ದೆಯಲ್ಲಿ ಮೊದಲು ಕೆಲಸ ನಡೆದ ಮೇಲೆಯೇ ಊರಿನವರು ಇಳಿಯುತ್ತಿದ್ದರು. ಇದನ್ನು ಬರೀ ಆಚಾರ ಎಂದು ತಳ್ಳಿಹಾಕುವಂತಿಲ್ಲ. ಒಂದೇ ಹೊತ್ತಿಗೆ ನೆಟ್ಟರೆ ಒಂದೇ ಹೊತ್ತಿಗೆ ಕೊಯ್ಲು. ಇಲಿಗೂ ಹಕ್ಕಿಗೂ ಕೆಲವೇ ವಾರ ಊಟ. ಒಬ್ಬೊಬ್ಬರು ಒಂದೊಂದು ತಿಂಗಳಿಗೆ ಬೆಳೆದರೆ ಇಲಿಗೆ ವರ್ಷವೆಲ್ಲ ಹಬ್ಬ.

ಗೋಡೆ ಏಕೆ ಬೀಳುತ್ತದೆ

ಊರಿನವರು ಮೊದಲು ತೋರಿಸುವುದು ದೈತ್ಯ ಎರೆಹುಳುವನ್ನು. ಎರೆಹುಳು ರೈತನ ಮಿತ್ರ ಎಂದು ಓದಿದ ನಮಗೆ ವಿಚಿತ್ರವೆನಿಸಬಹುದು. ಇಲ್ಲಿ ಅದು ಬದುವಿನ ಒಳಗೆ ಉದ್ದಕ್ಕೂ ಸುರಂಗ ಕೊರೆಯುತ್ತದೆ, ಗದ್ದೆಯ ನೀರು ಆ ಸುರಂಗದಿಂದ ಗೋಡೆಯ ಹಿಂದಕ್ಕೆ ಇಳಿಯುತ್ತದೆ. ಆದರೆ ಹುಳು ಕಾರಣವೋ ಲಕ್ಷಣವೋ ಎಂಬುದನ್ನು ಬಿಡಿಸಿ ನೋಡಬೇಕು. ನೀರು ನಿಂತ ಗದ್ದೆಯಲ್ಲಿ ಅದಕ್ಕೆ ಉಳಿಗಾಲವಿಲ್ಲ. ಕಾಲುವೆ ಮುರಿದು, ಅಥವಾ ಪಾಳು ಬಿಟ್ಟು, ಅಥವಾ ಎರಡು ಬೆಳೆಯ ನಡುವೆ ಬಸಿದು, ಮಣ್ಣು ಒದ್ದೆಯಾಗಿದ್ದೂ ನೀರಿಲ್ಲದ ಸ್ಥಿತಿಗೆ ಬಂದಾಗ ಹುಳು ಇಳಿಯುತ್ತದೆ. ಹುಳುವಿಗೆ ವಿಷ ಹಾಕುವುದಕ್ಕಿಂತ ಕಾಲುವೆ ಕಟ್ಟುವುದೇ ಮದ್ದು.

ಎರಡನೆಯದು ಚಿನ್ನದ ಸೇಬುಬಸವನಹುಳು. ದಕ್ಷಿಣ ಅಮೆರಿಕ ಮೂಲದ ಇದನ್ನು 1980ರ ದಶಕದ ಆರಂಭದಲ್ಲಿ ಆಹಾರಕ್ಕೆಂದು ಫಿಲಿಪ್ಪೀನ್ಸ್‌ಗೆ ತಂದರು. ತಿನ್ನುವವರು ಸಿಗಲಿಲ್ಲ, ಕಾಲುವೆ ಹಿಡಿದು ದೇಶವೆಲ್ಲ ಹರಡಿತು. ನೆಟ್ಟ ಎಳೆ ಸಸಿಯನ್ನು ರಾತ್ರೋರಾತ್ರಿ ಬುಡದಲ್ಲೇ ಕತ್ತರಿಸುತ್ತದೆ. ಬಯಲಿನಲ್ಲಾದರೆ ನಾಟಿಯಾದ ಮೊದಲ ವಾರಗಳಲ್ಲಿ ನೀರು ಇಳಿಸಿ ಹುಳುವಿನ ಓಡಾಟ ತಡೆಯುತ್ತಾರೆ. ಬೆಟ್ಟದ ಗದ್ದೆಯಲ್ಲಿ ನೀರು ಇಳಿಸಿದರೆ ಬದು ಬಿರಿಯುತ್ತದೆ. ಅಂದರೆ ಒಂದು ಕೀಟದ ಪರಿಹಾರ ಇನ್ನೊಂದಕ್ಕೆ ಬಾಗಿಲು. ಉಳಿದದ್ದು ವಿಷ, ಇಲ್ಲವೇ ಕೈಯಿಂದ ಆರಿಸುವುದು. ವಿಷ ಹಾಕಿದ ಗದ್ದೆಯಲ್ಲಿ ಸ್ಥಳೀಯ ಬಸವನಹುಳು, ಮೀನು ಎಲ್ಲ ಸತ್ತು, ಅನ್ನದ ಜೊತೆಗೆ ಬರುತ್ತಿದ್ದ ನಂಜಿಕೊಳ್ಳುವ ಪದಾರ್ಥವೂ ಹೋಯಿತು. 

ಮೂರನೆಯದು ಕಾಡು. ಗದ್ದೆಗಳ ನೆತ್ತಿಯಲ್ಲಿ ಪ್ರತಿ ಸಿರಿವಂತ ಮನೆತನಕ್ಕೊಂದು ಖಾಸಗಿ ಕಾಡು ಇರುತ್ತದೆ, ಹೆಸರು ಮುಯೊಂಗ್. ಉತ್ತರ ಕನ್ನಡದ ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟ ಹೇಗೋ ಈ ಗದ್ದೆಗೆ ಮುಯೊಂಗ್ ಹಾಗೆ. ಆದರೆ ಸೊಪ್ಪಿಗಿಂತ ಮುಖ್ಯವಾಗಿ ಅದು ಕೊಡುವುದು ನೀರು. ಸೌದೆ, ಬೆತ್ತ, ಅಡಿಕೆ, ಕಾಫಿ, ಮನೆಯ ಮರ ಕೂಡ ಅಲ್ಲಿಂದಲೇ. 1975ರ ಅರಣ್ಯ ಸಂಹಿತೆ ಶೇ. 18ಕ್ಕಿಂತ ಕಡಿದಾದ ಇಳಿಜಾರಿನ ನೆಲವನ್ನು ಸರ್ಕಾರದ್ದೆಂದು ಘೋಷಿಸಿತು. ಬನಾವೆಯಲ್ಲಿ ಅದಕ್ಕಿಂತ ಚಪ್ಪಟೆ ಜಾಗ ಹುಡುಕಬೇಕು! ತಲೆಮಾರುಗಳಿಂದ ಕಾಯ್ದ ಕಾಡಿನ ಮರ ಕಡಿದವನು ಕಾನೂನಿನ ಕಣ್ಣಿಗೆ ಕಳ್ಳನಾದ. 1996ರಲ್ಲಿ ಪರಿಸರ ಇಲಾಖೆ ಮುಯೊಂಗ್ ಮಾಲೀಕರಿಗೆಂದೇ ಪ್ರತ್ಯೇಕ ಪರವಾನಗಿ ತಂದಿತು. 1997ರ ಮೂಲನಿವಾಸಿ ಹಕ್ಕುಗಳ ಕಾಯ್ದೆ ಪಿತ್ರಾರ್ಜಿತ ನೆಲದ ಹಕ್ಕನ್ನು ಒಪ್ಪಿತು. ಅಷ್ಟರಲ್ಲಿ ಪ್ರವಾಸಿಗಳಿಗೆ ಮಾರುವ ಕೆತ್ತನೆ ಗೊಂಬೆಗಳಿಗಾಗಿ ಸಾಕಷ್ಟು ಒಳ್ಳೆಯ ಮರ ಇಳಿದಿತ್ತು. ಬಾಗಿಯೊ ಹೊರವಲಯದ ಆಸಿನ್ ರಸ್ತೆಯ ಕೆತ್ತನೆಗಾರರಲ್ಲಿ ಇಫುಗಾವೊದಿಂದ ಹೋದವರೇ ಹೆಚ್ಚು. ಕಣಜ ಕಾಯುವ ಬುಲುಲ್ ಎಂಬ ಭತ್ತದ ದೇವರು ಈಗ ಅಲ್ಲಿ ರಸ್ತೆಬದಿಯ ಸರಕು.

ಯಾರ ಗದ್ದೆ, ಯಾರ ದುಡಿಮೆ

ಇಫುಗಾವೊ ಕಟ್ಟಳೆಯಲ್ಲಿ ಗದ್ದೆ ಹಿರಿಯ ಮಗುವಿಗೆ, ಹೆಣ್ಣಾಗಲಿ ಗಂಡಾಗಲಿ. ಒಡೆದು ಹಂಚಿದರೆ ಗೋಡೆ, ಕಾಲುವೆ ನಿರ್ವಹಿಸಲಾಗದಷ್ಟು ಚೂರಾಗುತ್ತದೆ ಎಂಬುದೇ ಕಾರಣ. ಹೀಗಾಗಿ ಗದ್ದೆಯುಳ್ಳ ಕಡಂಗ್ಯಾನ್ ಮನೆತನಗಳು ಒಂದೆಡೆ, ಪಾಲಿಗೆ ಗೇಯುವವರು ಇನ್ನೊಂದೆಡೆ. ದುಡ್ಡಿನ ಅಡಚಣೆ ಬಂದಾಗ ಗದ್ದೆಯನ್ನು ಬಲಾಲ್ ಇಡುತ್ತಾರೆ. ಇದು ನಮ್ಮ ಭೋಗ್ಯದ ಪದ್ಧತಿಯೇ. ಸಾಲ ಕೊಟ್ಟವನು ತೀರುವವರೆಗೆ ಬೆಳೆ ತೆಗೆದುಕೊಳ್ಳುತ್ತಾನೆ. ಭೋಗ್ಯದವನಾಗಲಿ ಪಾಲುದಾರನಾಗಲಿ ಗೋಡೆಯ ದೊಡ್ಡ ರಿಪೇರಿಗೆ ಕೈ ಹಾಕಲು ಹಿಂಜರಿಯುತ್ತಾನೆ. ನಾಳೆ ಬಿಡಿಸಿಕೊಂಡು ಹೋಗುವ ಗದ್ದೆಗೆ ಇಂದು ಕಲ್ಲು ಹೊರುವವರು ಯಾರು? ಓದಿಸಿದ ಹಿರಿಯ ಮಗ ಊರಲ್ಲಿರುವುದಿಲ್ಲ. ಗದ್ದೆ ಅವನ ಹೆಸರಲ್ಲಿ, ಊರಲ್ಲಿ ಉಳಿದ ತಮ್ಮನಿಗೆ ಅಧಿಕಾರವಿಲ್ಲ.

ಕೈಲೆಕ್ಕ ಮಾಡಿ ನೋಡೋಣ. ಒಂದು ಎಕರೆ ಗದ್ದೆ ಇದೆ ಎನ್ನಿ. ಇಲ್ಲಿ ಅದು ಸಣ್ಣ ಹಿಡುವಳಿಯೇನಲ್ಲ. ಹೆಕ್ಟೇರಿಗೆ ಎರಡು ಟನ್ ಎಂದು ಹಿಡಿದರೆ ಸುಮಾರು 800 ಕಿಲೊ ಭತ್ತ, ಗಿರಣಿಯಿಂದ 500 ಕಿಲೊ ಅಕ್ಕಿ. ತಲೆಗೆ ವರ್ಷಕ್ಕೆ 115 ಕಿಲೊದಂತೆ ಐದು ಜನರ ಮನೆಗೆ 575 ಕಿಲೊ ಬೇಕು. ಸ್ವಂತ ಗದ್ದೆಯಾದರೂ ಕೊರತೆ. ಅರ್ಧ ಪಾಲು ಕೊಡುವವನಿಗೆ ಉಳಿಯುವುದು 250 ಕಿಲೊ, ಐದು ತಿಂಗಳ ಅನ್ನ. ಉಳಿದ ತಿಂಗಳಿಗೆ ಬಯಲಿನ ಅಕ್ಕಿ ಕೊಳ್ಳಬೇಕು. ಕೊಳ್ಳಲು ಬೇಕಾದ ನಗದು ಟ್ರೈಸಿಕಲ್ ಎಂಬ ಮೂರುಚಕ್ರದ ಬಾಡಿಗೆ ಬೈಕ್ ಓಡಿಸಿ, ಗೈಡ್ ಆಗಿ, ಕಟ್ಟಡ ಕೆಲಸ ಮಾಡಿ ಬರುತ್ತದೆ. 2019ರಲ್ಲಿ ಸರ್ಕಾರ ಅಕ್ಕಿ ಆಮದಿನ ಪ್ರಮಾಣ ಮಿತಿ ತೆಗೆದು ಬದಲಿಗೆ ಸುಂಕ ಹೇರಿದ ಮೇಲೆ ಹೊರಗಿನ ಅಕ್ಕಿ ಸಲೀಸಾಗಿ ಬರತೊಡಗಿತು. ಒಂದು ದಿನದ ಗೈಡ್ ಕೂಲಿಯಲ್ಲಿ ಸಿಗುವ ಅಕ್ಕಿಯನ್ನು ಗದ್ದೆಯಲ್ಲಿ ಬೆಳೆಯಲು ಎಷ್ಟು ದಿನ ಬೇಕು ಎಂದು ಹುಡುಗರು ಲೆಕ್ಕ ಹಾಕಿದರೆ ತಪ್ಪೇನಿದೆ?

ನಾಟಿ ಅಕ್ಕಿಯನ್ನು ದುಬಾರಿಗೆ ಮಾರಿದರೆ ಹೇಗೆ ಎಂಬ ಪ್ರಯೋಗವೂ ನಡೆದಿದೆ. 2000ರ ದಶಕದಿಂದ ತಿನಾವೊನ್ ಸ್ವಲ್ಪ ಪ್ರಮಾಣದಲ್ಲಿ ಅಮೆರಿಕಕ್ಕೆ ಹೋಯಿತು. 2014ರಲ್ಲಿ ಕೃಷಿ ಇಲಾಖೆ ಮತ್ತು ಭತ್ತ ಸಂಶೋಧನಾ ಸಂಸ್ಥೆ ಸೇರಿ ನಾಟಿ ತಳಿಗಳ ಯೋಜನೆ ಹಾಕಿದವು. ತೊಡಕು ಬೆಲೆಯಲ್ಲಿ ಇರಲಿಲ್ಲ. ಕೊಳ್ಳುವವರಿಗೆ ಒಂದೇ ತಳಿ, ಒಂದೇ ಬಣ್ಣ, ಶೇ. 14ರ ತೇವಾಂಶ, ಮುರಿಯದ ಕಾಳು ಬೇಕು. ಇಲ್ಲಿ ಒಂದೊಂದು ಮನೆಯೂ ಹಲವು ತಳಿ ಬೆಳೆಯುತ್ತದೆ, ಜುಲೈ ಮಳೆಯಲ್ಲಿ ಒಣಗಿಸುತ್ತದೆ, ಹಳೆಯ ಉಕ್ಕಿನ ಗಿರಣಿಯಲ್ಲಿ ಮಾಡಿಸಿದರೆ ಕಾಳು ನುಚ್ಚಾಗುತ್ತದೆ. ಬತಾದ್‌ನಿಂದ ಮೂಟೆ ರಸ್ತೆ ಮುಟ್ಟುವುದೇ ಹೊತ್ತ ಹೆಗಲ ಮೇಲೆ. ಎಲ್ಲಕ್ಕಿಂತ ಮೇಲಾಗಿ, ಹಬ್ಬ, ಸಾವು, ಪೂಜೆ, ಅಕ್ಕಿಯ ಮದ್ಯ, ಎಲ್ಲಕ್ಕೂ ತಿನಾವೊನ್ನೇ ಬೇಕು. ಅದನ್ನು ಮಾರಿ ಅಂಗಡಿಯ ಅಕ್ಕಿ ಉಣ್ಣುವುದು ಹಲವರಿಗೆ ಒಗ್ಗದ ಮಾತು.

ದುಡ್ಡು ಬರುವ ದಾರಿ

ಮುನಿಸಿಪಾಲಿಟಿಯ ಖಜಾನೆಗೆ ಮುಖ್ಯ ಆದಾಯ ಮನಿಲಾದಿಂದ ಬರುವ ತೆರಿಗೆ ಪಾಲು. 1991ರ ಸ್ಥಳೀಯ ಸರ್ಕಾರ ಸಂಹಿತೆಯಂತೆ ಮೂರು ವರ್ಷ ಹಿಂದಿನ ರಾಷ್ಟ್ರೀಯ ತೆರಿಗೆಯ ಶೇ. 40ರಷ್ಟು ಸ್ಥಳೀಯ ಸಂಸ್ಥೆಗಳಿಗೆ. ಅದರಲ್ಲಿ ಪ್ರಾಂತಗಳಿಗೆ 23, ನಗರಗಳಿಗೆ 23, ಮುನಿಸಿಪಾಲಿಟಿಗಳಿಗೆ 34, ಬರಾಂಗಾಯ್‌ಗಳಿಗೆ 20 ಪಾಲು. ಮುನಿಸಿಪಾಲಿಟಿಗಳ ನಡುವೆ ಹಂಚುವಾಗ ಅರ್ಧ ಜನಸಂಖ್ಯೆಯ ಮೇಲೆ, ಕಾಲು ವಿಸ್ತೀರ್ಣದ ಮೇಲೆ, ಕಾಲು ಸಮಪಾಲು. ಸುಪ್ರೀಂ ಕೋರ್ಟಿನ 2018ರ ತೀರ್ಪಿನ ನಂತರ ಸುಂಕದ ಆದಾಯವೂ ಲೆಕ್ಕಕ್ಕೆ ಸೇರಿ 2022ರಿಂದ ಮೊತ್ತ ಹಿಗ್ಗಿತು. ಈ ಸೂತ್ರದಲ್ಲಿ ಗೋಡೆ, ಕಾಲುವೆ, ಪರಂಪರೆ ಯಾವುದಕ್ಕೂ ಅಂಕ ಇಲ್ಲ. ಜನ ಊರು ಬಿಟ್ಟಂತೆ ಗದ್ದೆ ಪಾಳು ಬೀಳುತ್ತದೆ, ಜೊತೆಗೆ ಜನಸಂಖ್ಯೆಯ ಮೇಲಿನ ಪಾಲೂ ಇಳಿಯುತ್ತದೆ.

ಇದ್ದ ಹಣದಲ್ಲೂ ಕಟ್ಟುಪಾಡು: ತೆರಿಗೆ ಪಾಲಿನ ಶೇ. 20 ಅಭಿವೃದ್ಧಿಗೆ, ಆದಾಯದ ಶೇ. 5 ವಿಪತ್ತು ನಿಧಿಗೆ, ಆ ಐದರ ಶೇ. 30 ತುರ್ತು ಖರ್ಚಿಗೆ ಮೀಸಲು. ಸರ್ಕಾರದ ಹಣ ಸಾರ್ವಜನಿಕ ಉದ್ದೇಶಕ್ಕೆ ಮಾತ್ರ ಎಂಬ ನಿಯಮವೂ ಇದೆ. ಗೋಡೆ ಖಾಸಗಿ ಆಸ್ತಿ. ಕಾಲುವೆ, ಕಾಲುದಾರಿಗೆ ಹಣ ಹಾಕುವುದು ಅಧಿಕಾರಿಗೆ ಸುಲಭ; ಗೋಡೆಗೆ ಹಾಕುವುದು ಆಡಿಟ್ ಭಯದ ಕೆಲಸ. 1994ರಲ್ಲಿ ಗದ್ದೆಗಳಿಗೆಂದೇ ಒಂದು ಆಯೋಗ, 1999ರಲ್ಲಿ ಅದರ ಜಾಗಕ್ಕೆ ಕಾರ್ಯಪಡೆ ಬಂದವು. 2002ರಲ್ಲಿ ಅದೂ ಮುಚ್ಚಿ ಹೊಣೆ ಪ್ರಾಂತದ ಹೆಗಲಿಗೆ ಬಿತ್ತು. 2001ರಲ್ಲಿ ಯುನೆಸ್ಕೊ ಇದನ್ನು ಅಪಾಯದ ಪಟ್ಟಿಗೆ ಹಾಕಿತ್ತು, 2012ರಲ್ಲಿ ತೆಗೆಯಿತು. ನಡುವೆ 2011ರ ಚಂಡಮಾರುತಗಳಲ್ಲಿ ಬತಾದ್‌ನ ಗೋಡೆಗಳು ಕುಸಿದಿದ್ದವು.

ಪ್ರವಾಸೋದ್ಯಮದ ಹಣ ಯಾರ ಕೈ ಸೇರುತ್ತದೆ ಎಂಬುದು ಊರಿನೊಳಗಿನ ನಕ್ಷೆ ನೋಡಿದರೆ ತಿಳಿಯುತ್ತದೆ. ಪೇಟೆಯ ವಸತಿಗೃಹ, ಅಂಗಡಿ, ವಾಹನಗಳವರಿಗೆ ಮೊದಲ ಪಾಲು. ಬತಾದ್‌ನಲ್ಲಿ ಹೋಂಸ್ಟೇ ನಡೆಸುವವರಿಗೆ ಎರಡನೆಯದು. ಎದುರಿನ ಇಳಿಜಾರಿನಲ್ಲಿ ಗದ್ದೆ ಇರುವವನಿಗೆ ನೋಟಕ್ಕಾಗಿ ಯಾರೂ ದುಡ್ಡು ಕೊಡುವುದಿಲ್ಲ. ಅವನು ಮನೆಯ ಹುಲ್ಲುಸೂರು ತೆಗೆದು ತಗಡು ಹೊದಿಸಿದ ಎಂದು ಪರಂಪರೆ ತಜ್ಞರು ಗೊಣಗುತ್ತಾರೆ. ಸೂರಿಗೆ ಬೇಕಾದ ಹುಲ್ಲು ಕೊಯ್ದು ತರುವ ಆಳಿನ ಖರ್ಚು ತಗಡಿಗಿಂತ ಹೆಚ್ಚು. 2020ರ ಮಾರ್ಚ್‌ನಲ್ಲಿ ಕೋವಿಡ್ ಬಾಗಿಲು ಹಾಕಿದಾಗ ನಗದಿನ ಈ ದಾರಿಯೂ ನಿಂತಿತು.

2022ರ ಜುಲೈ 7ರಂದು ಜೋರುಮಳೆಗೆ ಬೆಟ್ಟದಿಂದ ಇಳಿದ ಕೆಸರು, ಕಲ್ಲು ಪೇಟೆಯ ರಸ್ತೆಗಳ ಮೇಲೆ ಹರಿದು ಮನೆಗಳಿಗೆ ನುಗ್ಗಿತು, ವಾಹನಗಳನ್ನು ಹೂತುಹಾಕಿತು. ಇಂಥ ಹೊತ್ತಿನಲ್ಲಿ ತುರ್ತು ನಿಧಿ ಮೊದಲು ಹೋಗುವುದು ರಸ್ತೆ, ನೀರು, ಆಶ್ರಯಕ್ಕೆ, ಹೋಗಲೇಬೇಕು. ರೈತನಿಗೆ ಸರ್ಕಾರಿ ಬೆಳೆ ವಿಮೆ ಇದೆ, ನೋಂದಾಯಿತ ಸಣ್ಣ ರೈತರಿಗೆ ಉಚಿತವೂ ಹೌದು. ಆದರೆ ಅದು ನಾಟಿಯಿಂದ ಕೊಯ್ಲಿನವರೆಗಿನ ಬೆಳೆಗೆ. ಗೋಡೆಗಳು ಕುಸಿಯುವುದು ಹೆಚ್ಚಾಗಿ ಆಗಸ್ಟ್–ಅಕ್ಟೋಬರ್‌ನಲ್ಲಿ, ತಿನಾವೊನ್ ಕಣಜ ಸೇರಿದ ಮೇಲೆ. ಬೆಳೆಯಿಲ್ಲದ ಗದ್ದೆಗೆ ಬೆಳೆನಷ್ಟವಿಲ್ಲ, ಹಾಗಾಗಿ ಪರಿಹಾರವೂ ಇಲ್ಲ. ಬಿದ್ದ ಗೋಡೆಯ ಗದ್ದೆಯವನು ಮುಂದೂಡಬಹುದು. ಮುಂದೂಡಲಾಗದವನು ಅದರ ಕೆಳಗಿನ ಗದ್ದೆಯವನು. ನೀರು ಮೇಲಿನ ಗದ್ದೆಯಿಂದಲೇ ಅವನ ಗದ್ದೆಗೆ ಇಳಿಯಬೇಕು, ಜನವರಿಗೆ ನಾಟಿ. ಮೇಲಿನವನು ಮನಿಲಾದಲ್ಲಿದ್ದರೆ ಕೆಳಗಿನವನಿಗೆ ಎರಡೇ ದಾರಿ: ತನ್ನದಲ್ಲದ ಗೋಡೆಯನ್ನು ತಾನೇ ಕಟ್ಟುವುದು, ಇಲ್ಲವೇ ಬಿದಿರಿನ ದಬ್ಬೆ ಅಥವಾ ಪ್ಲಾಸ್ಟಿಕ್ ಪೈಪು ಹಾಕಿ ಕುಸಿದ ಗದ್ದೆಯನ್ನು ತಪ್ಪಿಸಿ ನೀರು ತರುವುದು. ಪೈಪು ಅಗ್ಗ. ಪೈಪು ಬಿದ್ದ ವರ್ಷದಿಂದ ಮೇಲಿನ ಗದ್ದೆ ಒಣಗತೊಡಗುತ್ತದೆ, ಅಲ್ಲಿಗೆ ಎರೆಹುಳು ಇಳಿಯುತ್ತದೆ.